340 ಜನ, 270 ಟ್ರಾಲಿ: ಬಾಗಿಲಲ್ಲಿ ನಿಂತು ಎಣಿಸಿದ ಡಿಸೆಂಬರ್

2020ರ ನವೆಂಬರ್ ಕೊನೆಯ ವಾರ, ಜರ್ಮನಿ. ಕೆಲಸಕ್ಕೆ ಹೋದ ಕೂಡಲೇ ಮ್ಯಾನೇಜರ್ ಒಂದು ಕಾಗದ ಮತ್ತು ಕ್ಯಾಲ್ಕುಲೇಟರ್ ಕೈಗಿಟ್ಟು, "ನೀನು ಇಂಜಿನಿಯರಿಂಗ್ ಓದುವವನಲ್ಲವಾ, ಇದನ್ನು ಲೆಕ್ಕ ಹಾಕಿಕೊಡು" ಎಂದರು. ಡಿಸೆಂಬರ್ 1ರಿಂದ ಬರುವ ಹೊಸ ಕೊರೋನಾ ನಿಯಮ ಅದು. ಅಂಗಡಿಯ ಮೊದಲ 800 ಚದರ ಮೀಟರಿಗೆ ತಲಾ 10 ಚದರ ಮೀಟರಿನಂತೆ ಒಬ್ಬ ಗಿರಾಕಿ, ಅದರಾಚೆಯ ಜಾಗಕ್ಕೆ ತಲಾ 20 ಚದರ ಮೀಟರಿನಂತೆ ಒಬ್ಬ. ನಮ್ಮ ಮಾರಾಟದ ಜಾಗ ಸುಮಾರು 6,000 ಚದರ ಮೀಟರು. ಮೊದಲ 800ಕ್ಕೆ 80 ಜನ, ಉಳಿದ 5,200ಕ್ಕೆ 260. ಒಟ್ಟು 340. ನವೆಂಬರಿನಲ್ಲಿ ಇಡೀ ಜಾಗಕ್ಕೂ ಹತ್ತರ ಲೆಕ್ಕವೇ ಇದ್ದದ್ದರಿಂದ 600 ಜನರನ್ನು ಬಿಡಬಹುದಿತ್ತು. ಕ್ರಿಸ್ಮಸ್ ವ್ಯಾಪಾರ ಏರುವ ಹೊತ್ತಿಗೇ ಹೆಚ್ಚುಕಡಿಮೆ ಅರ್ಧ ಬಾಗಿಲು ಮುಚ್ಚಿದಂತಾಯಿತು.

ಲೆಕ್ಕ ಮಾಡಿದವನೇ ಬಾಗಿಲು ಕಾಯಬೇಕು ಎಂದು ಅಲ್ಲೇ ತೀರ್ಮಾನವೂ ಆಯಿತು.

ನಾನಾಗ ಜರ್ಮನಿಯ ರೂರ್ ಪ್ರಾಂತ್ಯದಲ್ಲಿ ಮಾಸ್ಟರ್ಸ್ ಓದುತ್ತಿದ್ದೆ. ಖರ್ಚಿಗೆಂದು ಒಂದು ಬೌಮಾರ್ಕ್ಟ್‌ನಲ್ಲಿ ಮಿನಿಜಾಬ್ ಹಿಡಿದಿದ್ದೆ. ಬೌಮಾರ್ಕ್ಟ್ ಎಂದರೆ ಹಾರ್ಡ್‌ವೇರ್ ಅಂಗಡಿ, ಬಣ್ಣದಂಗಡಿ, ಮರದ ಡಿಪೋ, ಎಲೆಕ್ಟ್ರಿಕಲ್ ಅಂಗಡಿ, ನರ್ಸರಿ ಎಲ್ಲವನ್ನೂ ಒಂದೇ ಶೆಡ್ಡಿನೊಳಗೆ ತುಂಬಿದ ಹಾಗೆ. ಮಿನಿಜಾಬ್ ಎಂದರೆ ತಿಂಗಳ ಸಂಪಾದನೆ ಒಂದು ಮಿತಿ ದಾಟಬಾರದ ಕೆಲಸ; ಆಗ ಆ ಮಿತಿ 450 ಯೂರೋ ಇತ್ತು. ಆಗಿನ ಕನಿಷ್ಠ ಕೂಲಿ ಗಂಟೆಗೆ 9.35 ಯೂರೋ, ಹಾಗಾಗಿ ತಿಂಗಳಿಗೆ 48 ಗಂಟೆ ದುಡಿದರೆ ಮುಗಿಯಿತು. ಅಷ್ಟರವರೆಗೆ ನನ್ನ ಕೆಲಸ ಸ್ಕ್ರೂ, ಬೋಲ್ಟುಗಳ ವಿಭಾಗದಲ್ಲಿ ಖಾಲಿಯಾದ ಡಬ್ಬಿ ತುಂಬುವುದು. ಮಾತು ಕಡಿಮೆ, ನನ್ನ ಅರೆಬರೆ ಜರ್ಮನ್‌ಗೆ ಹೇಳಿ ಮಾಡಿಸಿದ ಕೆಲಸ. ಬಾಗಿಲು ಹಾಗಲ್ಲ.

340 ಎಂಬ ಸಂಖ್ಯೆಯನ್ನು ಕಾಗದದಿಂದ ಬಾಗಿಲಿಗೆ ಇಳಿಸುವುದು ಹೇಗೆ? ಸುತ್ತಲಿನ ಸೂಪರ್‌ಮಾರ್ಕೆಟ್‌ಗಳು ಮಾಡುತ್ತಿದ್ದುದನ್ನೇ ನಾವೂ ಮಾಡಿದೆವು: ಟ್ರಾಲಿ ಇಲ್ಲದೆ ಯಾರಿಗೂ ಪ್ರವೇಶವಿಲ್ಲ. ಒಂದು ಪೊಟ್ಟಣ ಮೊಳೆಗೆ ಬಂದವರೂ ಟ್ರಾಲಿ ತಳ್ಳಿಕೊಂಡೇ ಹೋಗಬೇಕು. ಟ್ರಾಲಿ ಮುಗಿದರೆ ಮುಂದಿನವರು ಹೊರಗೆ. ಎಣಿಸುವ ತಲೆನೋವೇ ಇಲ್ಲ ಎಂದುಕೊಂಡಿದ್ದೆವು.

ಡಿಸೆಂಬರ್ 5, ಶನಿವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟ್ರಾಲಿ ಖಾಲಿ, ಹೊರಗೆ ಸಾಲು ಬೆಳೆಯುತ್ತಿದೆ. ಒಳಗೆ ಹೋಗಿ ನೋಡಿದರೆ ಬಣ್ಣದ ವಿಭಾಗದಲ್ಲಿ ಹಕ್ಕಿ ಹಾರಾಡುವಷ್ಟು ಜಾಗ. ಆಮೇಲೆ ಎಣಿಸಿದಾಗ ಗೊತ್ತಾಯಿತು: ನಮ್ಮಲ್ಲಿದ್ದ ಟ್ರಾಲಿಗಳೇ ಒಟ್ಟು 270. ಅದರಲ್ಲಿ 40 ಮರದ ಹಲಗೆ ಸಾಗಿಸುವ ಚಪ್ಪಟೆ ಗಾಡಿಗಳು. ಇನ್ನೊಂದಷ್ಟು ಪಾರ್ಕಿಂಗ್ ಜಾಗದ ಮೂಲೆಮೂಲೆಯಲ್ಲಿ ಅನಾಥವಾಗಿ ನಿಂತಿದ್ದವು. ಸರ್ಕಾರ 340 ಎಂದಿದ್ದರೂ ನಮ್ಮ ಟ್ರಾಲಿಗಳು ಇನ್ನೂರಕ್ಕೇ ಬಾಗಿಲು ಹಾಕಿಬಿಟ್ಟಿದ್ದವು.

ಇದರ ಮೇಲೆ ಗಂಡ-ಹೆಂಡತಿ ಸಮಸ್ಯೆ. ಇಬ್ಬರೂ ಒಂದೇ ಟ್ರಾಲಿ ಹಿಡಿದು ಬರುತ್ತಾರೆ. ನಿಯಮ ಎಣಿಸುವುದು ತಲೆಯನ್ನೇ ಹೊರತು ಟ್ರಾಲಿಯನ್ನಲ್ಲ. ಇಬ್ಬರಿಗೂ ಒಂದೊಂದು ತೆಗೆದುಕೊಳ್ಳಿ ಎಂದರೆ ಟ್ರಾಲಿ ಇನ್ನೂ ಬೇಗ ಮುಗಿಯುತ್ತದೆ, ಒಳಗಿನ ಓಣಿಗಳಲ್ಲಿ ಗಾಡಿಗೆ ಗಾಡಿ ಸಿಕ್ಕಿಕೊಂಡು, ಬಿಟ್ಟಿರಬೇಕಾದ ಒಂದೂವರೆ ಮೀಟರ್ ಅಂತರ ಕಾಲು ಮೀಟರಿಗೆ ಇಳಿಯುತ್ತದೆ. ಮನೆಗೆ ಕಪಾಟು ಆರಿಸಲು ಬಂದ ದಂಪತಿಗೆ "ಒಬ್ಬರು ಹೊರಗಿರಿ" ಎನ್ನುವ ಧೈರ್ಯ ನನಗಂತೂ ಬರಲಿಲ್ಲ. ಎರಡು ಸಲ ಹೇಳಿ ನೋಡಿದೆ, ಎರಡು ಸಲವೂ ಅವರೇ ಜಗಳ ಆಡಿಕೊಂಡರು, ಬಣ್ಣ ಯಾರು ಆರಿಸಬೇಕು ಅಂತ.

ಪರಿಹಾರ ಸಿಕ್ಕಿದ್ದು ಹಲಗೆ ಕೊಯ್ದುಕೊಡುವ ವಿಭಾಗದಿಂದ. ಅಲ್ಲಿನ ಹಿರಿಯರೊಬ್ಬರು ಮೂಲೆಯಲ್ಲಿ ಬಿದ್ದಿದ್ದ ಪ್ಲೈವುಡ್ ಚೂರುಗಳನ್ನು ಅಂಗೈಯಗಲಕ್ಕೆ ಕತ್ತರಿಸಿ, ತುದಿಗೊಂದು ತೂತು ಕೊರೆದು, ಅಂಚಿಗೆ ಉಪ್ಪುಕಾಗದ ತಿಕ್ಕಿ, ಮಾರ್ಕರಿನಲ್ಲಿ ಒಂದರಿಂದ ನೂರರವರೆಗೆ ಬರೆದುಕೊಟ್ಟರು. ಟ್ರಾಲಿ ಹಿಡಿದವರಿಗೆ ಟ್ರಾಲಿಯೇ ಟಿಕೆಟ್ಟು. ಜೊತೆಗೆ ಬಂದವರಿಗೆ ಈ ಬಿಲ್ಲೆ. ಹೊರಗೆ ಹೋಗುವಾಗ ಕ್ಯಾಷ್ ಕೌಂಟರಿನ ಪಕ್ಕದ ಬಕೆಟ್ಟಿಗೆ ಹಾಕಬೇಕು. ಅರ್ಧ ಗಂಟೆಗೊಮ್ಮೆ ಬಕೆಟ್ಟು ತಂದು, ಸ್ಯಾನಿಟೈಸರ್ ಒರೆಸಿ, ಮತ್ತೆ ಹಂಚುತ್ತಿದ್ದೆ. ವಾರ್ನಿಷ್ ಹಚ್ಚದ ಪ್ಲೈವುಡ್ ಸ್ಯಾನಿಟೈಸರ್ ಕುಡಿದು ಮೂರೇ ದಿನದಲ್ಲಿ ಪದರ ಬಿಟ್ಟುಕೊಂಡಿತು, ನಂಬರೂ ಅಳಿಸಿತು. ಎರಡನೇ ಕಂತಿಗೆ ಎರಡು ಕೋಟು ವಾರ್ನಿಷ್ ಹೊಡೆದೆವು. ಮೊದಲೇ ಹೊಳೆಯಬೇಕಿತ್ತು, ವಾರ್ನಿಷ್ ಮಾರುವ ಅಂಗಡಿಯಲ್ಲವೇ ಅದು.

ಪಾರ್ಕಿಂಗ್ ಜಾಗಕ್ಕೊಬ್ಬ ಹುಡುಗನನ್ನು ಹಾಕಿದ್ದು ಬಿಲ್ಲೆಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು. ಬಿಟ್ಟುಹೋದ ಟ್ರಾಲಿಗಳನ್ನು ಆಗಾಗ ತಂದು ಸೇರಿಸುವುದಷ್ಟೇ ಅವನ ಕೆಲಸ. ಡಿಸೆಂಬರ್ 1ರಿಂದ ಅಂಗಡಿಯ ಮುಂದೆ, ಪಾರ್ಕಿಂಗಿನಲ್ಲಿ ಕೂಡ ಮಾಸ್ಕ್ ಕಡ್ಡಾಯವಾಗಿತ್ತು. ಅದನ್ನು ನೆನಪಿಸುವುದೂ ಅವನ ಪಾಲಿಗೇ ಬಂತು. ಬೈಗುಳ ನನಗಿಂತ ಅವನಿಗೇ ಹೆಚ್ಚು ಸಿಕ್ಕಿರಬೇಕು.

ಆ ವರ್ಷ ನೂಕುನುಗ್ಗಲಿಗೆ ಹಬ್ಬವೊಂದೇ ಕಾರಣವಾಗಿರಲಿಲ್ಲ. ಜುಲೈ 1ರಿಂದ ಡಿಸೆಂಬರ್ 31ರವರೆಗೆ ಜರ್ಮನಿ ಮಾರಾಟ ತೆರಿಗೆಯನ್ನು 19ರಿಂದ ಶೇ. 16ಕ್ಕೆ ಇಳಿಸಿತ್ತು. ಡ್ರಿಲ್ಲಿಂಗ್ ಮಷೀನು, ಬಾಗಿಲು, ನೆಲದ ಹಲಗೆಯಂಥ ದೊಡ್ಡ ಸಾಮಾನು ಕೊಳ್ಳುವವರಿಗೆ ವರ್ಷ ಮುಗಿಯುವುದರೊಳಗೆ ತಗೊಳ್ಳಬೇಕೆಂಬ ಅವಸರ. ಕ್ರಿಸ್ಮಸ್ ಸಂತೆಗಳು ಬಹುತೇಕ ಊರುಗಳಲ್ಲಿ ರದ್ದು, ಹೋಟೆಲುಗಳಿಗೆ ಬೀಗ. ಮನೆಯಲ್ಲೇ ಕೂತವರು ಮನೆಯನ್ನೇ ಸಿಂಗರಿಸಲು ಹೊರಟಿದ್ದರು. ಒಂದು ಕಡೆ ಜನರನ್ನು ಅಂಗಡಿಗೆ ಕರೆಯುವ ತೆರಿಗೆ, ಇನ್ನೊಂದು ಕಡೆ ಅವರನ್ನೇ ಬಾಗಿಲಲ್ಲಿ ತಡೆಯುವ ಚದರ ಮೀಟರು. ನಡುವೆ ನಾನು.

ಡಿಸೆಂಬರ್ 13, ಭಾನುವಾರ. ಚಾನ್ಸೆಲರ್ ಮರ್ಕೆಲ್ ಮತ್ತು ರಾಜ್ಯಗಳ ಮುಖ್ಯಸ್ಥರು ಸಭೆ ಸೇರಿ, ಬುಧವಾರ 16ರಿಂದ ಅಗತ್ಯವಲ್ಲದ ಅಂಗಡಿಗಳೆಲ್ಲ ಬಂದ್ ಎಂದರು. ಮಾರ್ಚಿನ ಮೊದಲ ಲಾಕ್‌ಡೌನಿನಲ್ಲಿ ನಮ್ಮ ರಾಜ್ಯದ ಬೌಮಾರ್ಕ್ಟ್‌ಗಳು ತೆರೆದೇ ಇದ್ದವು. ಬವೇರಿಯಾದಂಥ ಕೆಲವು ರಾಜ್ಯಗಳಲ್ಲಿ ಏಪ್ರಿಲ್ 20ರ ಹೊತ್ತಿನವರೆಗೆ ಮುಚ್ಚಿದ್ದರು. ಹಾಗಾಗಿ ಈ ಸಲವೂ ನಾವು ಪಾರು ಅಂದುಕೊಂಡಿದ್ದೆವು. ಪಾರಾಗಲಿಲ್ಲ.

ಸೋಮವಾರ, ಮಂಗಳವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ಬಣ್ಣದ ಡಬ್ಬಿಗಳು ಮೊದಲು ಖಾಲಿಯಾದವು. ಮಂಗಳವಾರ ಸಂಜೆ ಬಿಲ್ಲೆ ಎಣಿಸಿದರೆ ನೂರರಲ್ಲಿ 87 ಇದ್ದವು.

ಬುಧವಾರದಿಂದ ಆಟವೇ ಬೇರೆ. ಗುತ್ತಿಗೆದಾರರು, ಪ್ಲಂಬರು, ಎಲೆಕ್ಟ್ರಿಷಿಯನ್ನರಂಥ ಕಸುಬಿನವರು ಗುರುತಿನ ಚೀಟಿ ತೋರಿಸಿ ಒಳಗೆ ಬರಬಹುದು. ಕ್ರಿಸ್ಮಸ್ ಮರ ಮಾರಬಹುದು. ಮೊದಲೇ ಆರ್ಡರ್ ಮಾಡಿದ ಸಾಮಾನನ್ನು, ಯಾರೂ ಯಾರನ್ನೂ ಮುಟ್ಟದಂತೆ, ಹೊರಗೆ ಕೊಡಬಹುದು. ಉಳಿದವರಿಗೆ ಬಾಗಿಲು ಬಂದ್. ನಾವು ಅಂಗಳವನ್ನು ಮೂರು ಪಾಲು ಮಾಡಿ, ನಡುವೆ ಯೂರೋ ಪ್ಯಾಲೆಟ್ಟುಗಳನ್ನು, ಅಂದರೆ ಸರಕು ಪೇರಿಸುವ ಮರದ ಚೌಕಟ್ಟುಗಳನ್ನು, ಅಡ್ಡ ನಿಲ್ಲಿಸಿದೆವು. ಸಾಮಾನು ಕೊಡುವ ಮೇಜು ನನ್ನ ಪಾಲಿಗೆ ಬಂತು.

ಮೊದಲ ದಿನವೇ ಎಡವಿದೆ. ಕಟ್ಟಿಟ್ಟ ಆರ್ಡರುಗಳನ್ನು ಮನೆತನದ ಹೆಸರಿನ ಅಕಾರಾದಿಯಲ್ಲಿ ಜೋಡಿಸಿದ್ದೆ. ಜರ್ಮನಿಯಲ್ಲಿ ಮ್ಯುಲ್ಲರ್, ಶ್ಮಿಟ್ ಹೆಸರಿನವರು ಎಷ್ಟಿದ್ದಾರೆ ಎಂಬುದು ಗೊತ್ತಿದ್ದೂ ಮಾಡಿದ ತಪ್ಪು ಅದು. ಲೈಟಿನ ಸರಕ್ಕೆ ಕಾಯುತ್ತಿದ್ದ ಒಬ್ಬ ಮ್ಯುಲ್ಲರ್‌ಗೆ ಇನ್ನೊಬ್ಬ ಮ್ಯುಲ್ಲರ್‌ನ ಕಮೋಡ್ ಸೀಟು ಹೋಯಿತು. ಡಬ್ಬ ತೆರೆದು ನೋಡಿ ಅವರು ಬಿದ್ದು ಬಿದ್ದು ನಕ್ಕದ್ದು ನನ್ನ ಪುಣ್ಯ. ಮರುದಿನದಿಂದ ಹೆಸರು ಕೈಬಿಟ್ಟು, ಆರ್ಡರ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ದಪ್ಪಗೆ ಬರೆದು ಡಬ್ಬದ ಮೂರು ಕಡೆ ಅಂಟಿಸಿದೆ. ಗಿರಾಕಿ ಕಾರಿನ ಗಾಜಿನೊಳಗಿಂದಲೇ ಫೋನಿನಲ್ಲಿ ನಂಬರ್ ತೋರಿಸುವುದು, ನಾನು ಮೇಜಿನ ಮೇಲಿಟ್ಟು ಮೂರು ಹೆಜ್ಜೆ ಹಿಂದೆ ಸರಿಯುವುದು, ಅವರು ಬಂದು ಎತ್ತಿಕೊಳ್ಳುವುದು. ಆ ವರ್ಷ ಪಿನ್ ಒತ್ತದೆ ಕಾರ್ಡ್ ತೋರಿಸಿ ಕೊಡಬಹುದಾದ ಮೊತ್ತವನ್ನು 25ರಿಂದ 50 ಯೂರೋಗೆ ಏರಿಸಿದ್ದರಿಂದ ಸಣ್ಣ ಬಿಲ್ಲುಗಳು ಸಲೀಸಾದವು.

ಕ್ರಿಸ್ಮಸ್ ಮರದ ಅಂಗಳದಲ್ಲಿ ಬೇರೆಯೇ ಫಜೀತಿ. ನೋರ್ಡ್‌ಮನ್ ಫರ್ ಮರ ಆರಿಸಿ, ಬಲೆಯೊಳಗೆ ತೂರಿಸಿ ಕಟ್ಟಿಸಿಕೊಂಡವರು ಕೇಳುತ್ತಿದ್ದರು, ಇದನ್ನು ನಿಲ್ಲಿಸುವ ಸ್ಟ್ಯಾಂಡು ಎಲ್ಲಿ? ಸ್ಟ್ಯಾಂಡು ಅಂಗಡಿಯೊಳಗಿತ್ತು. ಮರ ಕೊಂಡವರು ಒಳಗೆ ಬರುವಂತಿಲ್ಲ. ಕೊನೆಗೆ ನನ್ನ ಮೇಜಿನ ಫೋನ್ ನಂಬರನ್ನು ರಟ್ಟಿನ ಮೇಲೆ ಬರೆದು ಅಲ್ಲಿ ನೇತುಹಾಕಿದೆವು. ಇಪ್ಪತ್ತು ಹೆಜ್ಜೆ ಆಚೆ ನಿಂತವರು ನನಗೆ ಫೋನ್ ಮಾಡಿ ಆರ್ಡರ್ ಕೊಡುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿದ್ದೆವು. ನಗು ಬರುತ್ತಿತ್ತು, ಆದರೆ ಕೆಲಸ ನಡೆಯುತ್ತಿತ್ತು.

ಅದೇ ದಾರಿಯಲ್ಲಿ ಒಬ್ಬ ಅಜ್ಜನಿಗೂ ಸಹಾಯವಾಯಿತು. ಮನೆಯ ಹೀಟರಿನ ವಾಲ್ವ್ ಸೋರುತ್ತಿದೆ ಎಂದು ಹಳೆಯ ವಾಲ್ವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಸುಬಿನವರ ಬಾಗಿಲಿಗೆ ಬಂದಿದ್ದರು. ಚೀಟಿ ಇಲ್ಲ. ಇಂಟರ್ನೆಟ್ಟಿನಲ್ಲಿ ಆರ್ಡರ್ ಮಾಡಿ ಎಂದರೆ, ಮನೆಯಲ್ಲಿ ಇಂಟರ್ನೆಟ್ಟೇ ಇಲ್ಲ. ಕಾವಲಿದ್ದವನು ಅವರನ್ನು ವಾಪಸ್ ಕಳಿಸುತ್ತಿದ್ದ. ಕಾರಿನಲ್ಲಿ ಕೂತು ಈ ನಂಬರಿಗೆ ಫೋನ್ ಮಾಡಿ ಎಂದೆ. ವಾಲ್ವನ್ನು ಮೇಜಿನ ಮೇಲಿಟ್ಟು ಹೋದರು. ನಾನು ಒಳಗೆ ಒಯ್ದು ಅರ್ಧ ಇಂಚಿನದ್ದೇ ಎಂದು ಖಾತ್ರಿ ಮಾಡಿಕೊಂಡು, ಜೊತೆಗೆ ಟೆಫ್ಲಾನ್ ಟೇಪೂ ಇಟ್ಟು ತಂದೆ. ನಿಯಮ ಮುರಿಯಲಿಲ್ಲ. ಆದರೆ ನಿಯಮದಲ್ಲಿ ಇಂಥವರಿಗೆಂದು ಒಂದು ಸಾಲೂ ಇರಲಿಲ್ಲ ಎಂಬುದು ನನಗೆ ಈಗಲೂ ಕಹಿಯೇ.

ವರ್ಷದ ಕೊನೆಯ ಪಟಾಕಿ ವ್ಯಾಪಾರವೂ ಆ ಸಲ ಇರಲಿಲ್ಲ. ಜರ್ಮನಿಯಲ್ಲಿ ಹೊಸ ವರ್ಷದ ಪಟಾಕಿ ಮಾರಲು ಸಿಗುವುದೇ ಡಿಸೆಂಬರಿನ ಕೊನೆಯ ಮೂರು ದಿನ. ಗಾಯಾಳುಗಳಿಂದ ಆಸ್ಪತ್ರೆ ತುಂಬಬಾರದೆಂದು 2020ರಲ್ಲಿ ಮಾರಾಟವನ್ನೇ ನಿಷೇಧಿಸಿದರು. ಆ ಮೂರು ದಿನಕ್ಕೆಂದು ನನಗೆ ಹಾಕಿದ್ದ ಪಾಳಿಗಳೂ ಹಾರಿಹೋದವು.

ನಿರುದ್ಯೋಗ ವಿಮೆ ಕಟ್ಟುವ ನೌಕರರಿಗೆ ಕೆಲಸ ಕಡಿಮೆಯಾದಾಗ ಕುರ್ತ್ಸ್‌ಆರ್ಬೈಟ್ ಎಂಬ ವ್ಯವಸ್ಥೆಯಡಿ ಸರ್ಕಾರದಿಂದ ವೇತನ ಪರಿಹಾರ ಸಿಗುತ್ತಿತ್ತು. ಶುರುವಿನಲ್ಲಿ ಕಳೆದುಕೊಂಡ ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67. ಮಿನಿಜಾಬಿನವರು ಆ ವಿಮೆ ಕಟ್ಟುವುದಿಲ್ಲ, ಹಾಗಾಗಿ ನಮಗೆ ಅದೂ ಇಲ್ಲ. ಡಿಸೆಂಬರ್ 24ರ ಮಧ್ಯಾಹ್ನ ಎರಡಕ್ಕೆ ಗೇಟು ಹಾಕಿ, ಉಳಿದ ಆರು ಮರಗಳನ್ನು ಮೂಲೆಗೆ ಒರಗಿಸಿ, ಬಲೆ ಕಟ್ಟುವ ಯಂತ್ರದಿಂದ ಅಂಟು ಕೆರೆಯುತ್ತಿದ್ದಾಗ ಮ್ಯಾನೇಜರ್ ಜನವರಿಯ ಪಾಳಿ ಪಟ್ಟಿ ತಂದುಕೊಟ್ಟರು. ನನ್ನ ಹೆಸರಿನ ಮುಂದೆ 20 ಗಂಟೆ, ಎಲ್ಲವೂ ಅದೇ ಮೇಜಿಗೆ. ಪಟ್ಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: "ಫೋನ್ ನಂಬರಿನ ರಟ್ಟು ತೆಗೆಯಬೇಡ, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಹೊದಿಸು."