ಟ್ಯಾಬ್‌ನಲ್ಲಿ ಓದಿ ಹತ್ತನೇ ತರಗತಿ ಕಟ್ಟಿದ್ದು: ನನ್ನ ಅನುಭವ

ಮುಂಬಯಿಯಲ್ಲಿ ಹೋಟೆಲು, ಕ್ಯಾಂಟೀನಿನ ಪಾಳಿ ಮಾಡಿಕೊಂಡೇ ಹತ್ತನೇ ತರಗತಿ ಮುಗಿಸಬೇಕೆನ್ನುವವರಿಗೆ ಎನ್‌ಐಒಎಸ್ (ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬಹುದಾದ ಕೇಂದ್ರ ಸರಕಾರದ ಮುಕ್ತ ಶಾಲೆ) ಒಳ್ಳೆಯ ದಾರಿ. 14 ವರ್ಷ ತುಂಬಿದ್ದರೆ ಸೇರಬಹುದು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ನಾನು ಕನ್ನಡ ತೆಗೆದುಕೊಂಡೆ. ಗಣಿತ ಕಡ್ಡಾಯವಲ್ಲ, ಆದರೆ ಮುಂದೆ ಐಟಿಐ ಅಥವಾ ಡಿಪ್ಲೊಮಾ ಯೋಚನೆಯಿದ್ದರೆ ಬಿಡಬೇಡಿ. ನೋಂದಣಿ ಐದು ವರ್ಷ ನಡೆಯುತ್ತದೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ಪಾಸಾದ ವಿಷಯ ಕೈಬಿಟ್ಟು ಹೋಗುವುದಿಲ್ಲ. ಹಾಗಾಗಿ ಒಂದು ಸಲಕ್ಕೆ ಎರಡೇ ವಿಷಯ ಹಿಡಿದೆ.

ಪುಸ್ತಕಗಳು ಎನ್‌ಐಒಎಸ್ ಜಾಲತಾಣದಲ್ಲಿ ಪಾಠದ ಲೆಕ್ಕದಲ್ಲಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಮನೆಯ ವೈಫೈನಲ್ಲಿ ಎಲ್ಲವನ್ನೂ ಇಳಿಸಿಕೊಳ್ಳಿ. ಲೋಕಲ್ ರೈಲಿನಲ್ಲಿ ನೆಟ್‌ವರ್ಕ್ ನಂಬಿ ಕೂತರೆ ಡೊಂಬಿವಲಿಯಿಂದ ದಾದರ್‌ವರೆಗೆ ಅರ್ಧ ಹೊತ್ತು ಪುಟ ತೆರೆಯುವುದನ್ನು ಕಾಯುವುದರಲ್ಲೇ ಹೋಗುತ್ತದೆ. ಕಡತಕ್ಕೆ ವಿಷಯದ ಹೆಸರು, ಎರಡು ಅಂಕಿಯ ಪಾಠಸಂಖ್ಯೆ ಹಾಕಿ: 02, 10 ಹೀಗೆ. ಬರೀ 2 ಎಂದು ಹಾಕಿದರೆ ಕೆಲವು ಆಪ್‌ಗಳಲ್ಲಿ 10 ಅದರ ಮೊದಲೇ ಬಂದು ಕೂರುತ್ತದೆ. ಕನ್ನಡದ ಕೆಲವು ಪಿಡಿಎಫ್‌ಗಳಲ್ಲಿ ಪದ ಹುಡುಕಿದರೆ ಸಿಗುವುದಿಲ್ಲ. ಅವು ಸ್ಕ್ಯಾನ್ ಮಾಡಿದವು ಇಲ್ಲವೇ ಹಳೆಯ ಅಕ್ಷರಶೈಲಿಯವು. ಅಲ್ಲಿ ಮುಖ್ಯ ಪುಟಕ್ಕೆ ಬುಕ್‌ಮಾರ್ಕ್ ಹಾಕುವುದೇ ದಾರಿ.

10 ಇಂಚಿನ ಪರದೆ ಬೇಕು. 7 ಇಂಚಿನಲ್ಲಿ ಹಿಗ್ಗಿಸಿ ಸರಿಸುತ್ತಾ ಓದುವಾಗ ಚಿತ್ರ ಒಂದು ಕಡೆ, ವಿವರಣೆ ಒಂದು ಕಡೆ ಆಗಿ ಗಮನ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಪ್ ಪಿನ್ ಆಯ್ಕೆ ಚಾಲೂ ಮಾಡಿಟ್ಟು, ಓದುವ ಹೊತ್ತಿಗೆ ಪಿಡಿಎಫ್ ಆಪ್ ಒಂದೇ ಪರದೆಯಲ್ಲಿ ನಿಲ್ಲುವಂತೆ ಪಿನ್ ಮಾಡಿಬಿಟ್ಟರೆ ವಾಟ್ಸಾಪ್ ಕಡೆ ಬೆರಳು ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಓದು ಟ್ಯಾಬ್‌ನಲ್ಲಿ ಇರಲಿ, ಉತ್ತರ ಕಾಗದದ ಮೇಲೆಯೇ ಇರಲಿ. ಪರೀಕ್ಷೆಯಲ್ಲಿ ಪೆನ್ನು ಹಿಡಿದು ಗಂಟೆಗಟ್ಟಲೆ ಬರೆಯಬೇಕು. ಶಾಲೆ ಬಿಟ್ಟು ವರ್ಷಗಳಾದ ಕೈ ಅರ್ಧ ಗಂಟೆಗೇ ನೋಯುತ್ತದೆ, ಗೊತ್ತಿರುವ ಉತ್ತರವೂ ಉಳಿದುಹೋಗುತ್ತದೆ. ದಿನಾ ಒಂದು ಪಾಠ ಓದಿ, ಟ್ಯಾಬ್ ಮಗುಚಿಟ್ಟು, ಅದರ ಕೊನೆಯ ಪ್ರಶ್ನೆಗಳಲ್ಲಿ ಎರಡಕ್ಕೆ ನೋಡದೆ ಬರೆಯಿರಿ. ಆಮೇಲೆ ಪಾಠ ತೆರೆದು ತಪ್ಪಿದ ಕಡೆ ಕೆಂಪು ಗೆರೆ ಎಳೆಯಿರಿ. ಹಳೆಯ ಪ್ರಶ್ನೆಪತ್ರಿಕೆ ಮಾಡುವಾಗ ಟ್ಯಾಬ್‌ನ ಟೈಮರ್ ಇಟ್ಟುಕೊಳ್ಳಿ.

ಟಿಎಂಎ, ಅಂದರೆ ಮನೆಯಲ್ಲಿ ಬರೆದು ಕಳಿಸಿ ಶಿಕ್ಷಕರಿಂದ ಅಂಕ ಪಡೆಯುವ ಹೋಂವರ್ಕ್‌ಗೆ 20 ಶೇಕಡಾ ತೂಕ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಥಿಯರಿಯಲ್ಲಿ, ಅಂದರೆ ಬರೆಯುವ ಪರೀಕ್ಷೆಯಲ್ಲಿ, 33 ಶೇಕಡಾ ಬೇರೆಯೇ ಬರಬೇಕು ನಿಜ, ಆದರೆ ಒಟ್ಟು ಅಂಕ ಏರುವುದು ಇಲ್ಲಿಂದಲೇ. ಕೈಯಲ್ಲಿ ಬರೆದ ಹಾಳೆಗಳನ್ನು ಸ್ಕ್ಯಾನರ್ ಆಪ್‌ನಲ್ಲಿ ತೆಗೆದು ಒಂದೇ ಪಿಡಿಎಫ್ ಮಾಡಿ. ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ಟ್ಯಾಬ್‌ನ ನೆರಳು ಹಾಳೆಯ ಮೇಲೆ ಬೀಳುತ್ತದೆ, ಹಗಲಲ್ಲಿ ಕಿಟಕಿಯ ಪಕ್ಕ ತೆಗೆಯುವುದು ಮೇಲು. ಕಪ್ಪು-ಬಿಳುಪಿನಲ್ಲಿ ಉಳಿಸಿದರೆ ಕಡತ ಚಿಕ್ಕದಾಗುತ್ತದೆ. ಕಳಿಸುವ ಮೊದಲು ಪ್ರತಿ ಪುಟ ತೆರೆದು ಓದಿ ನೋಡಿ, ಕೊನೆಯ ದಿನದ ರಾತ್ರಿಗೆ ಬಿಡಬೇಡಿ.