ಅಪ್ಪನ ಷಷ್ಠ್ಯಬ್ದಿ ಕಾರ್ಡಿಗೆ ಅಪ್ಪನಂಥದ್ದೇ ಫಾಂಟ್ ಹುಡುಕೋದು ಹೇಗೆ?

ಮನೇಲಿ ಅರವತ್ತರ ಶಾಂತಿ ಅಂದ್ರೆ ಹಾಲ್ ಬುಕ್ ಮಾಡ್ತೀವಿ, ಅಡುಗೆಯವ್ರ ಹತ್ರ ಮೆನು ಬಗ್ಗೆ ಗಂಟೆಗಟ್ಲೆ ಮಾತಾಡ್ತೀವಿ, ಕಾರ್ಡ್ ಮಾತ್ರ ಡಿಟಿಪಿ ಅಂಗಡಿಯವ್ರಿಗೆ ಬಿಟ್ಬಿಡ್ತೀವಿ, ಅವ್ರು ಯಾರದ್ದೋ ಹಳೇ ಫೈಲ್ ತೆಗ್ದು ಹೆಸ್ರು ಬದ್ಲಾಯಿಸಿ ಕೊಡ್ತಾರೆ, ಹಿಂಗಾಗಿ ಜೀವಮಾನದಲ್ಲಿ ಒಂದ್ಸಲಾನೂ ಧ್ವನಿ ಏರಿಸದ ಮೇಷ್ಟ್ರ ಹೆಸ್ರು ಕೆಂಪು ಬಣ್ಣ, ಹಳದಿ ಔಟ್‌ಲೈನ್, ಹಿಂದೊಂದು ಶ್ಯಾಡೋ ಹಾಕ್ಕೊಂಡು ಎಲೆಕ್ಷನ್ ಫ್ಲೆಕ್ಸ್ ಥರ ಅಚ್ಚಾಗಿ ಬರುತ್ತೆ. ಕಾರ್ಡ್ ಚೆನ್ನಾಗೇ ಇರಬಹುದು, ಆದ್ರೆ ಅದು ಅವ್ರಲ್ಲ. ಯೂನಿಕೋಡಲ್ಲಿ (ಮೊಬೈಲು, ಕಂಪ್ಯೂಟರು ಎಲ್ಲಾ ಕಡೆ ಅಕ್ಷರ ಒಂದೇ ಥರ ಓದಿಸ್ಕೊಳ್ಳೋ ವ್ಯವಸ್ಥೆ) ಒಳ್ಳೊಳ್ಳೆ ಕನ್ನಡ ಫಾಂಟ್‌ಗಳು ಫ್ರೀಯಾಗೇ ಸಿಗೋ ಈ ಕಾಲದಲ್ಲಿ ಸ್ವಲ್ಪ ತಾಳ್ಮೆ ಇದ್ರೆ ಅವ್ರಿಗೆ ಒಪ್ಪೋದನ್ನ ನಾವೇ ಆರಿಸಬಹುದು.

ಮೊದ್ಲು ಫಾಂಟ್ ಲಿಸ್ಟ್ ಮುಚ್ಚಿಡಿ

ಲಿಸ್ಟ್ ನೋಡ್ಕೊಂಡು ಕೂತ್ರೆ ನಮಗೆ ಇಷ್ಟ ಆಗಿದ್ದೇ ಕಣ್ಣಿಗೆ ಬೀಳೋದು. ಅದ್ರ ಬದ್ಲು ಅಪ್ಪನ ಹಳೇ ಡೈರಿ, ಲೆಕ್ಕದ ಪುಸ್ತಕ, ಯಾರಿಗೋ ಬರೆದಿಟ್ಟ ಕಾಗದ ಏನಾದ್ರೂ ಸಿಗುತ್ತಾ ನೋಡಿ. ಅವ್ರ ಕೈಬರಹದಲ್ಲಿ ಗಮನಿಸಬೇಕಾದ್ದು ಹೆಚ್ಚೇನಿಲ್ಲ. ಗೆರೆ ಎಲ್ಲಾ ಕಡೆ ಒಂದೇ ದಪ್ಪ ಇದ್ಯಾ, ಇಲ್ಲಾ ಇಂಕ್ ಪೆನ್ನಲ್ಲಿ ಬರೆದ ಹಾಗೆ ಒಂದ್ಕಡೆ ದಪ್ಪ ಒಂದ್ಕಡೆ ಸಣ್ಣ ಆಗುತ್ತಾ? ಅಕ್ಷರಗಳು ಒತ್ತೊತ್ತಾಗಿವೆಯಾ, ಆರಾಮಾಗಿ ಕಾಲು ಚಾಚ್ಕೊಂಡು ಕೂತಿವೆಯಾ? ದೀರ್ಘ, ಒತ್ತಕ್ಷರಗಳ ಬಾಲ ಎಲ್ಲಿ ನಿಲ್ಲುತ್ತೆ, ಶಿಸ್ತಾಗಿ ಗೆರೆಯೊಳಗೋ, ಪಕ್ಕದ ಸಾಲಿಗೂ ನುಗ್ಗುತ್ತೋ? ಫಾಂಟ್ ಫಾಂಟಿಗೂ ಇರೋ ವ್ಯತ್ಯಾಸಾನೂ ಹೆಚ್ಚುಕಮ್ಮಿ ಇದೇ.

ಇಂಗ್ಲಿಷ್ ಡಿಸೈನ್ ಪಾಠಗಳಲ್ಲಿ ಸೆರಿಫ್ (ಅಕ್ಷರದ ತುದೀಲಿ ಪುಟ್ಟ ಗೆರೆ ಇರೋದು) ಅಂದ್ರೆ ಸಂಪ್ರದಾಯಸ್ಥ, ಸ್ಯಾನ್ಸ್ (ಆ ಗೆರೆ ಇಲ್ಲದ್ದು) ಅಂದ್ರೆ ಮಾಡರ್ನ್ ಅಂತ ಹೇಳ್ಬಿಡ್ತಾರೆ, ಕನ್ನಡಕ್ಕೆ ಅದನ್ನ ಹಾಗೇ ತಂದು ಹಚ್ಚೋಕಾಗಲ್ಲ. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರಾನೂ ಇಲ್ಲ. ನಮ್ಮ ಅಕ್ಷರದ ಗತ್ತು ಇರೋದು ತಲೆಕಟ್ಟಲ್ಲಿ, ಹೊಟ್ಟೆಯ ದುಂಡಗಿನಲ್ಲಿ, ಕೆಳಗೆ ಇಳಿಯೋ ಒತ್ತಲ್ಲಿ.

ಈಗ ಒಂದಿಷ್ಟು ಫಾಂಟ್ ಎದುರಿಗಿಟ್ಕೊಳ್ಳಿ

ಇಲ್ಲಿ ಹೇಳೋ ಆರೂ ಗೂಗಲ್ ಫಾಂಟ್ಸಲ್ಲಿವೆ, ಎಲ್ಲಾ ಓಪನ್ ಲೈಸೆನ್ಸ್, ಪ್ರಿಂಟ್ ಹಾಕ್ಸೋಕೆ ಯಾರಿಗೂ ದುಡ್ಡು ಕೊಡ್ಬೇಕಿಲ್ಲ. ಮಿತಭಾಷಿ, ಪುಸ್ತಕದ ಹುಳು, ಮೇಷ್ಟ್ರು, ಲೈಬ್ರರಿ ಥರದವ್ರಿಗೆ ತಿರೋ ಕನ್ನಡ ನೋಡಿ, ಹಳೇ ಅಚ್ಚಿನ ಪುಸ್ತಕದ ಗಾಂಭೀರ್ಯ ಅದಕ್ಕಿದೆ, ಬೋಲ್ಡ್ ಇಲ್ಲ, ನನ್ನ ಪ್ರಕಾರ ಅದೇ ಒಳ್ಳೇದು, ಇಂಥವ್ರಿಗೆ ಬೋಲ್ಡ್ ಬೇಕಾಗೂ ಇಲ್ಲ. ಅದೇ ಗಾಂಭೀರ್ಯ ಇರ್ಬೇಕು, ಜೊತೆಗೆ ತೆಳುವಿಂದ ದಪ್ಪದವರೆಗೆ ಆಯ್ಕೆಯೂ ಬೇಕು ಅನ್ನೋರಿಗೆ ನೋಟೋ ಸೆರಿಫ್ ಕನ್ನಡ.

ಬ್ಯಾಂಕಲ್ಲೋ ಫ್ಯಾಕ್ಟರೀಲೋ ಮೂವತ್ತು ವರ್ಷ ಟೈಮಿಗೆ ಸರಿಯಾಗಿ ಪಂಚ್ ಮಾಡಿದ, ಚಪ್ಪಲಿ ಕೂಡ ಸಾಲಾಗಿ ಬಿಡೋ ಮನುಷ್ಯ ಆದ್ರೆ ಅನೇಕ್ ಕನ್ನಡ. ಫಾಂಟ್ ಮಾಡೋ ಏಕ್ ಟೈಪ್‌ನವ್ರು 2022ರಲ್ಲಿ ಬಿಟ್ಟಿದ್ದು. ಇದ್ರ ವಿಶೇಷ ಅಂದ್ರೆ ದಪ್ಪ ಮಾತ್ರ ಅಲ್ಲ ಅಗಲಾನೂ ಹಿಗ್ಗಿಸಿ ಕುಗ್ಗಿಸಬಹುದು. ಅದೇ ಹೆಸ್ರನ್ನ ಕಂಡೆನ್ಸ್ಡ್‌ನಲ್ಲಿ ನೋಡಿ, ಆಮೇಲೆ ಎಕ್ಸ್‌ಪ್ಯಾಂಡೆಡ್‌ನಲ್ಲಿ ನೋಡಿ, ಅವಸರದ ಅಪ್ಪ ನಿಧಾನದ ಅಪ್ಪ ಇಬ್ರೂ ಸಿಗ್ತಾರೆ.

ಮದುವೆ ಮನೇಲಿ ಪಂಕ್ತಿ ಪಂಕ್ತಿಗೂ ಹೋಗಿ ಇನ್ನೊಂದು ಹೋಳಿಗೆ ಹಾಕ್ಸೋ ಜನ ಇರ್ತಾರಲ್ಲ, ಅವ್ರಿಗೆ ಬಾಲೂ ತಮ್ಮ. ದಪ್ಪಗೆ ದುಂಡಗೆ ನಗ್ತಾ ಇರೋ ಅಕ್ಷರ. ಇದೂ ಏಕ್ ಟೈಪ್‌ನವ್ರದ್ದೇ, ಒಂದೊಂದು ಲಿಪಿಗೂ ಒಂದೊಂದು ನಂಟಿನ ಹೆಸ್ರಿಟ್ಟಿದ್ದಾರೆ, ತಮಿಳಲ್ಲಿ ತಂಬಿ, ಮಲಯಾಳಂನಲ್ಲಿ ಚೇಟ್ಟನ್, ತೆಲುಗಲ್ಲಿ ತಮ್ಮುಡು. ಒಂದೇ ತೊಂದ್ರೆ, ಈಗ ಯೂಟ್ಯೂಬ್ ಥಂಬ್‌ನೇಲಿಂದ ಹಿಡಿದು ಬೇಕರಿ ಬೋರ್ಡ್ ತನಕ ಎಲ್ಲೆಲ್ಲೂ ಇದೇ ಕಾಣೋದ್ರಿಂದ ಕಾರ್ಡಲ್ಲಿ ಹಾಕಿದ್ರೆ ಯಾವ್ದೋ ಆಫರ್ ಇದೆ ಅನ್ಸಿಬಿಡಬಹುದು. ಹೆಸ್ರಿಗೆ ಮಾತ್ರ ಬಳಸಿ ಸಾಕು.

ಸದ್ದಿಲ್ಲದೆ ತಮಾಷೆ ಮಾಡೋರಿಗೆ ಹುಬ್ಬಳ್ಳಿ ಅಂತಾನೇ ಒಂದು ಫಾಂಟಿದೆ, ಒಂದೇ ದಪ್ಪದ ಗೆರೆ, ಸಲೀಸಾಗಿ ಕೈಯಲ್ಲಿ ಬರೆದ ಹಾಗಿದೆ. ಇನ್ನು ನಾಟಕ, ಚಿತ್ರಕಲೆ, ಒಟ್ನಲ್ಲಿ ಊರಲ್ಲಿ ಒಬ್ರೇ ಇರೋ ಥರದವ್ರಾದ್ರೆ ಅಕಾಯ ಕನಡಕ. ಅದ್ರ ತಿರುವುಗಳೇ ಬೇರೆ ಥರ, ಎಲ್ಲರಿಗೂ ಒಪ್ಪಲ್ಲ, ಒಪ್ಪಿದವ್ರಿಗೆ ಬೇರೆ ಯಾವ್ದೂ ಒಪ್ಪಲ್ಲ.

ತುಂಗಾ ಫಾಂಟಾ? ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕಂಪ್ಯೂಟರಲ್ಲೇ ಇದೆ ಅಂತ ಬಳಸ್ತೀವಿ ಅಷ್ಟೇ. ಅರ್ಜಿ ಬರಿಯೋಕೆ ಓಕೆ.

ಹೆಸ್ರು ಹಾಕಿ ಪರೀಕ್ಷೆ ಮಾಡಿ

ಸ್ಯಾಂಪಲ್ ವಾಕ್ಯದಲ್ಲಿ ಎಲ್ಲಾ ಫಾಂಟೂ ಸುಂದರಾನೇ. ಅಪ್ಪನ ಹೆಸ್ರು, ಅಮ್ಮನ ಹೆಸ್ರು, ಊರಿನ ಹೆಸ್ರು ಟೈಪ್ ಮಾಡಿ, ಆಮೇಲೆ ‘ಷಷ್ಠ್ಯಬ್ದಿ’ ಅಂತ ಹಾಕಿ. ಇಷ್ಟೇ ಸಾಕು, ಅರ್ಧ ಫಾಂಟ್‌ಗಳ ಬಂಡವಾಳ ಬಯಲಾಗುತ್ತೆ, ಯಾಕಂದ್ರೆ ಷ ಕೆಳಗೆ ಠ, ಅದ್ರ ಜೊತೆಗೆ ಯ, ಪಕ್ಕದಲ್ಲೇ ಬ್ದಿ, ಇಷ್ಟೂ ಒತ್ತು ಒಂದಕ್ಕೊಂದು ಡಿಕ್ಕಿ ಹೊಡೀದೆ ಕೂರಬೇಕು. ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ಒತ್ತು ತಾಗಿದ್ರೆ ಫಾಂಟ್ ಬದಲಾಯಿಸೋ ಮೊದ್ಲು ಸಾಲಿನ ಅಂತರ ಜಾಸ್ತಿ ಮಾಡಿ ನೋಡಿ, ಇಂಗ್ಲಿಷ್‌ಗೆ ಸಾಕಾಗೋ ಅಂತರ ನಮ್ಮ ಅಕ್ಷರಕ್ಕೆ ಸಾಕಾಗಲ್ಲ.

ಮತ್ತೆ ಕಾರ್ಡಿನ ಅಳತೇಲೇ ಒಂದು ಪ್ರಿಂಟ್ ತೆಗೀರಿ. ಬರೋ ನೆಂಟ್ರಲ್ಲಿ ಅರ್ಧ ಜನ ಅಪ್ಪನ ವಯಸ್ಸಿನವ್ರೇ, ಪ-ಷ, ದ-ಧ-ಥ ಸಣ್ಣ ಸೈಜಲ್ಲಿ ಬೇರೆಬೇರೆಯಾಗಿ ಕಾಣ್ಬೇಕು. ಧ ಅಕ್ಷರದ ಸೀಳು, ಥ ಅಕ್ಷರದ ಚುಕ್ಕಿ ಮಸಿ ತುಂಬ್ಕೊಂಡು ಮುಚ್ಚಿಹೋಗೋದು ದಪ್ಪ ಫಾಂಟಲ್ಲಿ ಮಾಮೂಲು. ಹಾಗಾಗಿ ಹೆಸ್ರಿಗೆ ಒಂದು ಫಾಂಟ್, ದಿನಾಂಕ ಸ್ಥಳ ಊಟದ ಸಮಯಕ್ಕೆ ನೋಟೋ ಸ್ಯಾನ್ಸ್ ಥರದ ಸಾದಾ ಫಾಂಟ್, ಮೂರನೇದು ಬೇಡವೇ ಬೇಡ.

ಎರಡ್ಮೂರು ಪ್ರಿಂಟ್ ಆದ್ಮೇಲೆ ಅಮ್ಮಂಗೆ, ಅಪ್ಪನ ಹಳೇ ಸ್ನೇಹಿತ್ರಿಗೆ ತೋರ್ಸಿ. ಯಾವ್ದು ಚೆನ್ನಾಗಿದೆ ಅಂತ ಮಾತ್ರ ಕೇಳ್ಬೇಡಿ, ಹಾಗೆ ಕೇಳಿದ್ರೆ ಎಲ್ರೂ ದೊಡ್ಡದಾಗಿ ಕಾಣೋದನ್ನೇ ತೋರಿಸ್ತಾರೆ. ಯಾವ್ದು ಇವ್ರ ಥರ ಇದೆ ಅಂತ ಕೇಳಿ.

ಅಂಗಡಿಗೆ ಹೋಗೋ ಮುಂಚೆ

ತುಂಬಾ ಡಿಟಿಪಿ ಅಂಗಡೀಲಿ ಇವತ್ತಿಗೂ ಹಳೇ ನುಡಿ, ಶ್ರೀಲಿಪಿ ಸಾಫ್ಟ್‌ವೇರ್‌ಗಳ ಯೂನಿಕೋಡ್ ಅಲ್ಲದ ಫಾಂಟಲ್ಲೇ ಕೆಲ್ಸ ನಡೆಯೋದು. ನೀವು ವಾಟ್ಸಾಪಲ್ಲಿ ಕಳ್ಸಿದ ಯೂನಿಕೋಡ್ ಮ್ಯಾಟರ್‌ಗೆ ಆ ಫಾಂಟ್ ಹಾಕಿದ್ರೆ ಕೆಲ್ಸ ಆಗಲ್ಲ, ಅವ್ರು ಮತ್ತೆ ಕೂತು ಟೈಪ್ ಮಾಡ್ತಾರೆ, ಅಲ್ಲೇ ಹೊಸ ತಪ್ಪು ಹುಟ್ಟೋದು. ಫಾಂಟ್ ಫೈಲನ್ನ ಪೆನ್‌ಡ್ರೈವಲ್ಲಿ ನೀವೇ ತಗೊಂಡು ಹೋಗಿ, ಇನ್‌ಸ್ಟಾಲ್ ಮಾಡ್ಸಿ. ‘ಷಷ್‌ಠ್‌ಯಬ್‌ದಿ’ ಅಂತ ಒತ್ತೆಲ್ಲಾ ಬಿಡಿಬಿಡಿಯಾಗಿ ಬಂದ್ರೆ ತಪ್ಪು ಫಾಂಟಿಂದಲ್ಲ, ಸಾಫ್ಟ್‌ವೇರ್ ಸೆಟಿಂಗಿಂದು. ಇನ್‌ಡಿಸೈನ್ ಅನ್ನೋ ಪೇಜ್ ಮಾಡೋ ಸಾಫ್ಟ್‌ವೇರಲ್ಲಾದ್ರೆ ಪ್ಯಾರಾಗ್ರಾಫ್ ಮೆನುವಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿದ್ರೆ ಸರಿಹೋಗುತ್ತೆ. ಪ್ರೆಸ್ಸಿಗೆ ಕೊಡುವಾಗ ಅಕ್ಷರಾನ ಕರ್ವ್ಸ್ ಮಾಡ್ತಾರೆ, ಅಂದ್ರೆ ಬರೀ ಚಿತ್ರದ ಗೆರೆಗಳಾಗಿ ಬದಲಾಯಿಸ್ತಾರೆ, ಅದಾದ್ಮೇಲೆ ಕಾಗುಣಿತ ಟೈಪ್ ಮಾಡಿ ತಿದ್ದೋಕಾಗಲ್ಲ, ಅದಕ್ಕೇ ಪ್ರೂಫನ್ನ ಮನೇಲಿ ಇಬ್ರು ಓದಿ ಓಕೆ ಅಂದ್ಮೇಲೇ ಕರ್ವ್ಸ್ ಮಾಡಿ ಅಂತ ಹೇಳಿ, ತಿದ್ದೋಕೆ ಬರೋ ಫೈಲನ್ನೂ ಒಂದು ಕಾಪಿ ಇಸ್ಕೊಳ್ಳಿ.