ಹೂಮಳೆ ಕೊಡುವ ಮುಂಚೆ ಡೀಸೆಲ್ ಇಂಜಿನ್ ನೋಡಿಕೊಳ್ಳಿ

ರೋಬಸ್ಟಾ ಕಾಫಿಯ ಮೊಗ್ಗು ತಯಾರಾಗಿ ನಿಂತಿರುವಾಗ, ಹೂ ಅರಳಿಸಲು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುವ, ಅಂದರೆ ಹೂಮಳೆ ಕೊಡುವ ಹೊತ್ತಿಗೆ ಕೆರೆ ದಂಡೆಯ ಪಂಪಿನ ಇಂಜಿನ್ ಕೈಕೊಟ್ಟರೆ ಏನಾಗುತ್ತದೆ ಅಂತ ಕೊಡಗಿನ ಬೆಳೆಗಾರರಿಗೆ ಹೇಳಬೇಕಿಲ್ಲ. ಅರೆಬರೆ ನೀರು ಬಿದ್ದರೆ ಹೂ ಸರಿಯಾಗಿ ಅರಳುವುದಿಲ್ಲ. ಫೆಬ್ರವರಿಯಲ್ಲಿ ಮೆಕ್ಯಾನಿಕ್ ಸಿಗುವುದೂ ಕಷ್ಟ, ಎಲ್ಲರ ಇಂಜಿನ್ ಕೆಡುವುದೂ ಆಗಲೇ ಅಲ್ವಾ? ಕುಯ್ಲಿನ ಗಡಿಬಿಡಿ ಇದ್ದರೂ ಜನವರಿಯಲ್ಲೇ ಅರ್ಧ ದಿನ ಬಿಡುವು ಮಾಡಿಕೊಳ್ಳಿ.

ಮೊದಲು ಏರ್ ಕ್ಲೀನರ್ ಬಿಚ್ಚಿ. ಮಳೆಗಾಲದಲ್ಲಿ ಇಲಿ ಗೂಡು ಕಟ್ಟಿರುವುದುಂಟು. ತಳದಲ್ಲಿ ಆಯಿಲ್ ಹಾಕುವ ಮಾದರಿಯಾದರೆ ಹಳೆಯದನ್ನು ಚೆಲ್ಲಿ, ತೊಳೆದು, ಗುರುತಿನವರೆಗೆ ಮಾತ್ರ ಹೊಸದು ತುಂಬಿ.

ಆಮೇಲೆ ಇಂಜಿನ್ ಆಯಿಲ್. ಆಯಿಲ್ ಮಟ್ಟ ನೋಡುವ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಅಂತಲೇ ಅರ್ಥ. ಸ್ಟಾರ್ಟ್ ಮಾಡಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಬರೀ ಕಪ್ಪಾಗಿದ್ದರೆ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಬಿಸಿ ಇರುವಾಗಲೇ ಇಳಿಸಿ. ಕೆಸರೂ ಜೊತೆಗೇ ಬರುತ್ತದೆ. ಇಳಿಸಿದ ಆಯಿಲನ್ನು ಕೆರೆ ಕಡೆಗೆ ಬಿಡಬೇಡಿ.

ಜಾಸ್ತಿ ತೊಂದರೆ ಬರುವುದು ಡೀಸೆಲ್‌ನಿಂದ. ಅರ್ಧ ಖಾಲಿ ಟ್ಯಾಂಕಿನ ಒಳಗೆ ಮಳೆಗಾಲದ ತೇವ ಹನಿಯಾಗಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ತಳದಿಂದ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಒಡ್ಡಿ. ಕೆಳಗೆ ಬೇರೆಯೇ ಪದರ ಕಂಡರೆ ಅದು ಹೋಗುವವರೆಗೂ ಇಳಿಸಿ. ಫಿಲ್ಟರನ್ನೂ ಬದಲಿಸಿ. ಅದರಲ್ಲಿ ಉಳಿತಾಯ ಬೇಡ.

ಫಿಲ್ಟರ್ ಬಿಚ್ಚಿದ ಮೇಲೆ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಅದನ್ನು ತೆಗೆಯದೆ ಸುಮ್ನೆ ಹ್ಯಾಂಡಲ್ ಹೊಡೆದರೆ ತೋಳು ನೋವು ಬರುತ್ತದೆ ಅಷ್ಟೇ. ಟ್ಯಾಂಕಿನ ನಲ್ಲಿ ತೆರೆದಿಟ್ಟು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ. ಮೊದಲು ನೊರೆ ನೊರೆಯಾಗಿ ಬರುತ್ತದೆ. ಗುಳ್ಳೆ ನಿಂತು ಡೀಸೆಲ್ ಒಂದೇ ಸಮ ಹರಿದಾಗ ಬಿಗಿ ಮಾಡಿ. ಫ್ಯೂಯಲ್ ಪಂಪಿನ ಸ್ಕ್ರೂಗೂ ಹೀಗೇ ಮಾಡಿ. ಆಮೇಲೆ ಡೀಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸುವ ಹಿಡಿ) ಎತ್ತಿ ನಿಧಾನಕ್ಕೆ ಹ್ಯಾಂಡಲ್ ತಿರುಗಿಸಿ, ಕಿವಿಗೊಡಿ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ‘ಕರ್ರ್’ ಅಂದರೆ ಡೀಸೆಲ್ ತಲುಪಿದೆ. ಇಂಜೆಕ್ಟರ್ ಬಿಚ್ಚಿ ಪರೀಕ್ಷೆ ಮಾಡುವುದಾದರೆ ಆ ಸಿಂಪರಣೆಗೆ ಕೈ ಒಡ್ಡಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ಹೊಕ್ಕುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಲಿ. ಇಂಜಿನ್ ಹಿಂದಕ್ಕೆ ಒದ್ದರೆ ಕೈ ಜಾರಿ ಬಿಡುತ್ತದೆ, ಮೂಳೆ ಉಳಿಯುತ್ತದೆ.

ಇನ್ನು ಪಂಪು. ನೀರು ತುಂಬಿಸಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿದರೆ ಮೊದಲು ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ನೋಡಿ: ಎಲೆ ಸಿಕ್ಕಿರುತ್ತದೆ, ಇಲ್ಲವೇ ವಾಷರ್ ಸವೆದಿರುತ್ತದೆ. ಶಾಫ್ಟ್ ಸುತ್ತ ನೀರು ತಡೆಯುವ ಗ್ಲ್ಯಾಂಡಿನಿಂದ ತೊಟ್ಟು ತೊಟ್ಟಾಗಿ ನೀರು ಬಿದ್ದರೆ ಗಾಬರಿ ಬೇಡ, ಅದು ಬೀಳಬೇಕು. ಪೂರ್ತಿ ನಿಲ್ಲುವಂತೆ ಬಿಗಿ ಮಾಡಿದರೆ ಶಾಫ್ಟ್ ಸವೆಯುತ್ತದೆ.

ಸ್ಟಾರ್ಟ್ ಆದ ಮೇಲೆ ಇಂಜಿನ್ ತಂಪಾಗಿಸುವ ನೀರು ಹೊರಗೆ ಬರುತ್ತಿದೆಯೇ ನೋಡಿ. ಆಮೇಲೆ ಸ್ಪ್ರಿಂಕ್ಲರ್ ಜೋಡಿಸಿ, ಪೂರ್ತಿ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ ಹೊಗೆ ಗಮನಿಸಿ. ಕಪ್ಪು ಹೊಗೆ ನಿಲ್ಲದಿದ್ದರೆ ಗಾಳಿ ಸಾಲದು ಅಥವಾ ಲೋಡ್ ಜಾಸ್ತಿ. ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಕೆಲಸ ಬಂದಿರಬಹುದು. ಅದಕ್ಕೆ ಜನವರಿಯಲ್ಲೇ ಮೆಕ್ಯಾನಿಕ್‌ಗೆ ಹೇಳಿಡಿ.